ಪಟ್ಟಿಯಲ್ಲಿದ್ದ ಯೂನಿಟ್

ನಮ್ಮ ಮ್ಯಾನೇಜರಿಗೆ ಲ್ಯಾಮಿನೇಷನ್ ಅಂತ ಹೆಸರಿಟ್ಟವನು ನಾನೇ. ಯಾವ ಕಾಗದ ಕೈಗೆ ಸಿಕ್ಕರೂ ಅದಕ್ಕೊಂದು ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ತಗಲಿಸದಿದ್ದರೆ ಆ ಮನುಷ್ಯನಿಗೆ ಅನ್ನ ಇಳಿಯುವುದಿಲ್ಲ. ಏಣಿ ಹತ್ತುವುದು ಹೇಗೆ ಎಂಬುದಕ್ಕೆ ಒಂದು, ಕೈ ತೊಳೆಯುವುದು ಹೇಗೆ ಎಂಬುದಕ್ಕೆ ಒಂದು, ಗೋಡೆಗೆ ಕಾಗದ ಅಂಟಿಸುವ ಮುಂಚೆ ಯಾರನ್ನು ಕೇಳಬೇಕು ಎಂಬುದಕ್ಕೂ ಒಂದು. ಇರುವುದು ಮೂರೇ ಹೆಲಿಕಾಪ್ಟರಿನ ಶೆಡ್ಡು. ಗೋಡೆ ನೋಡಿದರೆ ಮುನ್ನೂರು ಇವೆಯೇನೋ ಅನ್ನಬೇಕು. ಆತ ಜೀವಮಾನದಲ್ಲಿ ಒಂದು ನಟ್ಟು ಬಿಚ್ಚಿದ್ದನ್ನು ನಾನು ಕಂಡಿಲ್ಲ. ಉಗುರು ನೋಡಿದರೆ ಗೊತ್ತಾಗುತ್ತದೆ, ಮದುಮಗಳ ಉಗುರಿನ ಹಾಗಿವೆ.

ನಾನು ಆ ಶೆಡ್ಡಿನಲ್ಲಿ ಇಪ್ಪತ್ತೇಳು ವರ್ಷ ಎಂಜಿನ್ ನೋಡಿಕೊಂಡವನು. ದೂರದಿಂದ ಸದ್ದು ಕೇಳಿಯೇ ಯಾವ ಯಂತ್ರ ಬರುತ್ತಿದೆ, ಅದರ ಹೊಟ್ಟೆಯಲ್ಲಿ ಏನು ನೋವಿದೆ ಅಂತ ಹೇಳಬಲ್ಲೆ ಎಂದು ನನಗೆ ಪೊಗರು. ಬರೆಯುವ ಕೆಲಸ ಅಂದರೆ ಮೈಯೆಲ್ಲ ಉರಿ. ಕೈಲಾಗದವರು ಬರೆಯುತ್ತಾರೆ, ಕೈಲಾಗುವವರು ಮಾಡುತ್ತಾರೆ ಎಂದು ಕ್ಯಾಂಟೀನಿನಲ್ಲಿ ಎಷ್ಟು ಸಲ ಭಾಷಣ ಬಿಗಿದಿದ್ದೇನೋ.

ನನ್ನ ಜೊತೆ ಇನ್ನೊಬ್ಬರು ಮೆಕ್ಯಾನಿಕ್ ಇದ್ದರು. ಮಧ್ಯವಯಸ್ಸಿನ ಹೆಂಗಸು, ಎರಡು ಮಕ್ಕಳ ತಾಯಿ. ಬಿಗಿ ಮಾಡಿದ ಬೋಲ್ಟನ್ನೇ ಮತ್ತೆ ಹೋಗಿ ಮುಟ್ಟಿ, 'ಇನ್ನೊಂದ್ಸಲ ನೋಡಿಬಿಡೋಣ' ಅನ್ನುವುದು ಅವರ ಚಾಳಿ. ಹಾಗಾಗಿ ಅವರಿಗೆ ಇನ್ನೊಂದ್ಸಲ ಅಂತಲೇ ಹೆಸರಾಯಿತು. ಅದನ್ನು ಇಟ್ಟವನೂ ನಾನೇ. ನನಗೆ ಆ ವಿದ್ಯೆ ಚೆನ್ನಾಗಿ ಬರುತ್ತಿತ್ತು.

ಮೂರನೆಯವನು ನನ್ನ ಅಳಿಯ. ಪೈಲಟ್. ಕೋಣೆಯೊಳಗೂ ಕಪ್ಪು ಕನ್ನಡಕ, ಬೆರಳಿಗೆ ಸಿಕ್ಕಿಸಿ ತಿರುಗಿಸುವ ಬೀಗದ ಕೈ ಗೊಂಚಲು, ಇಸ್ತ್ರಿ ಮಾಡಿದ ಅಂಗಿಯ ಭುಜದ ಮೇಲೆ ಪಟ್ಟಿ. ನನ್ನ ಮಗಳು ಇವನನ್ನೇ ಮೆಚ್ಚಿ ಮದುವೆಯಾದಾಗ ನಾನು ಬಾಯಿ ಬಿಡಲಿಲ್ಲ, ಮೂಗು ಮಾತ್ರ ಮುರಿದೆ. ನಾವು ಎಣ್ಣೆ ಬಳಿದುಕೊಂಡು ಸಿದ್ಧ ಮಾಡಿದ್ದನ್ನು ಈ ಗಂಡಸು ಕೂತು ಓಡಿಸಿ ಬಂದು, ಇಳಿದ ಮೇಲೆ ಫೋಟೋ ತೆಗೆಸಿಕೊಳ್ಳುತ್ತಾನೆ. ಎದುರಿಗೆ 'ಅಳಿಯಂದಿರು' ಅಂತಿದ್ದೆ. ಅದರಲ್ಲಿ ಎಷ್ಟು ಮರ್ಯಾದೆ, ಎಷ್ಟು ವ್ಯಂಗ್ಯ ಅಂತ ಅವನಿಗೆ ತಿಳಿಯದೆ ಇರಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಎಂಜಿನ್ನಿಗೆ ಕೈ ಹಾಕಿದವನು ಅದರ ಮೊದಲ ಹಾರಾಟದಲ್ಲಿ ಪೈಲಟ್ ಪಕ್ಕದ ಸೀಟಿನಲ್ಲಿ ಕೂರಬೇಕು. ಇದು ಯಾವ ಪುಸ್ತಕದಲ್ಲೂ ಇಲ್ಲ, ಲ್ಯಾಮಿನೇಷನ್ನಿನ ಗೋಡೆಯ ಮೇಲೂ ಇಲ್ಲ. ನನಗೆ ಕೆಲಸ ಕಲಿಸಿದ ಮುದುಕ, ತೊಡೆ ನಡುಗಿದರೂ ಸರಿ, ಹತ್ತಿ ಕೂತು ಕಿವಿ ಕೊಡು, ನೆಲದ ಮೇಲೆ ಎಂಜಿನ್ ಹೇಳದೆ ಇರುವುದನ್ನು ಮೇಲೆ ಹೋದರೆ ಹೇಳುತ್ತೆ ಎಂದು ಹೇಳಿಕೊಟ್ಟಿದ್ದ. ಇಪ್ಪತ್ತನಾಲ್ಕು ವರ್ಷ ತಪ್ಪದೆ ಹತ್ತಿದ್ದೆ. ಅಳಿಯ ಕೆಲಸಕ್ಕೆ ಸೇರಿದ ಮೇಲೆ, ಅವನು ಓಡಿಸುವ ದಿನಗಳಲ್ಲಿ ಮಾತ್ರ ನನಗೆ ಬೇರೆ ಏನಾದರೂ ಕೆಲಸ ಇರುತ್ತಿತ್ತು.

ಆ ದಿನ ಬೆಳಗ್ಗೆ ಏಳೂಕಾಲಿಗೆ ಹೊಸ ಸುರಕ್ಷತಾ ಆದೇಶ ಬಂತು. ಏಳೂವರೆಗೆ ಲ್ಯಾಮಿನೇಷನ್ ನಮ್ಮನ್ನೆಲ್ಲ ಕರೆದು ಓದಿದರು. ಕಾಗದ ಇನ್ನೂ ಬಿಸಿಯಾಗಿತ್ತು, ಪ್ಲಾಸ್ಟಿಕ್ ಆಗಲೇ ಬಿದ್ದಿತ್ತು.

ವಿಷಯ ಸಣ್ಣದೇ. ಎಂಜಿನ್ನಿಗೆ ಎಷ್ಟು ಇಂಧನ ಹೋಗಬೇಕು ಅಂತ ಅಳೆದು ಬಿಡುವ ಒಂದು ಡಬ್ಬಿ ಇರುತ್ತದೆ. ನಾವು ಅದಕ್ಕೆ ಫ್ಯುಯೆಲ್ ಯೂನಿಟ್ ಅನ್ನುತ್ತೇವೆ. ಆ ಯೂನಿಟ್ಟುಗಳ ಒಂದು ಕಂತಿನಲ್ಲಿ ಒಳಗಿನ ತೆಳು ತಟ್ಟೆ ಕಾರ್ಖಾನೆಯಲ್ಲೇ ಕೆಟ್ಟದಾಗಿ ತಯಾರಾಗಿದೆಯಂತೆ. ತಟ್ಟೆ ಸೀಳಿದರೆ ಮೊದಲು ಎಂಜಿನ್ ವೇಗ ತನ್ನಷ್ಟಕ್ಕೆ ಏರಿಳಿಯುತ್ತದೆ, ಆಮೇಲೆ ಹೇಳದೆ ಕೇಳದೆ ನಿಂತುಹೋಗಬಹುದು. ಜೊತೆಗೆ ಕೆಟ್ಟ ಯೂನಿಟ್ಟುಗಳ ನಂಬರಿನ ಪಟ್ಟಿ. ಪಟ್ಟಿಯಲ್ಲಿರುವ ಯೂನಿಟ್ ಯಾವ ಹೆಲಿಕಾಪ್ಟರಿನಲ್ಲಿದೆಯೋ ಅದರ ಮುಂದಿನ ಹಾರಾಟಕ್ಕೆ ಮೊದಲೇ ಯೂನಿಟ್ಟನ್ನು ಬಿಚ್ಚಿ ತೆಗೆಯಬೇಕು.

ಲ್ಯಾಮಿನೇಷನ್ ಮೂರು ಯಂತ್ರಗಳ ಫೈಲು ತಂದಿದ್ದರು. ಪ್ರತಿ ಯೂನಿಟ್ಟಿಗೂ ಒಂದು ಕಾರ್ಡು. ಯೂನಿಟ್ ಎಲ್ಲಿಗೆ ಹೋಗುತ್ತದೋ ಕಾರ್ಡೂ ಅಲ್ಲಿಗೆ ಹೋಗಬೇಕು. ಬೆರಳಿಟ್ಟು ಓದಿ, "ಎರಡನೇ ಯಂತ್ರದ್ದು ಪಟ್ಟಿಯಲ್ಲಿದೆ. ಒಂದು, ಮೂರು ಸರಿ ಇವೆ. ಎರಡನ್ನ ನಿಲ್ಲಿಸ್ತೀನಿ" ಅಂದರು.

ಆಗ ನಮ್ಮ ಇನ್ನೊಂದ್ಸಲ ಬಾಯಿ ತೆರೆದರು. "ಸರ್, ಹೇಗೂ ಅರ್ಧ ಗಂಟೆ ಇದೆ. ಮೂರರದ್ದೂ ಮುಚ್ಚಳ ತೆಗ್ದು ಯೂನಿಟ್ ಮೇಲಿರೋ ನಂಬರ್ ಇನ್ನೊಂದ್ಸಲ ನೋಡಿಬಿಡೋಣ್ವಾ?"

ನಾನು ನಕ್ಕೆ. "ಕಾರ್ಡ್ ಕಣ್ಣೆದುರಿಗೇ ಇದೆಯಲ್ಲ ತಾಯಿ. ಕಾರ್ಡ್ ಏನು ಸುಳ್ಳು ಹೇಳುತ್ತಾ? ಅಳಿಯಂದಿರು ಎಂಟಕ್ಕೆ ಹೊರಡಬೇಕು. ನಿಮಗೋಸ್ಕರ ಅವರ ಅಂಗಿ ಇಸ್ತ್ರಿ ಮುದುಡಿಹೋಗುತ್ತೆ."

ಎಲ್ಲರೂ ನಕ್ಕರು. ಇಪ್ಪತ್ತೇಳು ವರ್ಷ ಕಾಗದಕ್ಕೆ ಉಗಿದವನು, ಒಬ್ಬ ಹೆಂಗಸಿನ ಬಾಯಿ ಮುಚ್ಚಿಸಲು ಅದೇ ಕಾಗದವನ್ನು ಎತ್ತಿ ಹಿಡಿದೆ. ಆಗ ಅದು ನನಗೆ ಹೊಳೆಯಲೇ ಇಲ್ಲ.

ಎಂಟಕ್ಕೆ ಸರಿಯಾಗಿ ಮೂರನೇ ಯಂತ್ರ ಎದ್ದಿತು. ಬೆಟ್ಟದಾಚೆಯ ವಿದ್ಯುತ್ ಗೋಪುರಗಳ ತಂತಿ ನೋಡಿಕೊಂಡು ಬರುವ ಕೆಲಸ. ಒಳಗೆ ಅಳಿಯ, ತಂತಿ ಪರೀಕ್ಷಿಸುವ ಇಬ್ಬರು. ಹನ್ನೊಂದರ ಸುಮಾರಿಗೆ ಅಣೆಕಟ್ಟಿನ ಬಳಿಯ ಇಂಧನ ಶೆಡ್ಡಿನಲ್ಲಿ ಇಳಿದು ಟ್ಯಾಂಕ್ ತುಂಬಿಸಿಕೊಂಡು, ಅಲ್ಲಿಂದ ಜಲಾಶಯ ದಾಟಬೇಕು. ಏಳು ಕಿಲೋಮೀಟರ್ ಬರೀ ನೀರು. ತಂತಿ ಹತ್ತಿರದಿಂದ ಕಾಣಬೇಕೆಂದು ತಗ್ಗಿನಲ್ಲೇ ಹೋಗಬೇಕು. ಅಷ್ಟು ತಗ್ಗಿನಲ್ಲಿ ಎಂಜಿನ್ ನಿಂತರೆ ನೀರಲ್ಲದೆ ಬೇರೆ ಗತಿ ಇಲ್ಲ.

ಒಂಬತ್ತಕ್ಕೆ ನಾನು ಎರಡನೇ ಯಂತ್ರದ ಮುಚ್ಚಳ ತೆಗೆದೆ. ಸಿಳ್ಳೆ ಹಾಕುತ್ತಲೇ ತೆಗೆದೆ. ಒಳಗೆ ಫಳಫಳ ಹೊಳೆಯುವ ಹೊಚ್ಚ ಹೊಸ ಯೂನಿಟ್. ಬೋಲ್ಟು ಸಡಿಲವಾಗದಂತೆ ತಂತಿ ಕಟ್ಟಿದ್ದು ನನ್ನದೇ ಕೈ, ಗಂಟು ನೋಡಿದರೆ ಗುರುತು ಸಿಗುತ್ತದೆ. ನಂಬರ್ ಪಟ್ಟಿಯಲ್ಲಿ ಇರಲಿಲ್ಲ.

ಸಿಳ್ಳೆ ನಿಂತಿತು.

ಎರಡು ತಿಂಗಳ ಹಿಂದೆ ಮೂರನೆಯದರ ಹಳೇ ಯೂನಿಟ್ ಸೋರಲು ಶುರುವಾಗಿತ್ತು. ಹೊಸದು ಬರಲು ಹತ್ತು ದಿನ ಬೇಕಿತ್ತು. ಎರಡನೇ ಯಂತ್ರ ರೆಕ್ಕೆ ರಿಪೇರಿಗೆಂದು ಮೂಲೆಯಲ್ಲಿ ನಿಂತಿತ್ತು. ಅದರ ಯೂನಿಟ್ ಬಿಚ್ಚಿ ಮೂರಕ್ಕೆ ಹಾಕಿದೆ. ಎಲ್ಲ ಶೆಡ್ಡುಗಳಲ್ಲೂ ನಡೆಯುವ ಕೆಲಸ ಇದು, ತಪ್ಪೇನಲ್ಲ, ಬರೆದಿಟ್ಟರೆ. ನಾನು ಆಮೇಲೆ ಬರೆದರಾಯಿತು ಅಂದುಕೊಂಡೆ. ಹೊಸದು ಬಂದಾಗ ಅದನ್ನು ಎರಡಕ್ಕೆ ಹಾಕಿ, ಅದರ ಕಾರ್ಡನ್ನು ಮಾತ್ರ ಮೂರರ ಫೈಲಿಗೆ ತುರುಕಿದೆ. ಹೊಸ ಯೂನಿಟ್ ನೇರವಾಗಿ ಮೂರಕ್ಕೇ ಹೋಯಿತು, ಎರಡನ್ನು ಯಾರೂ ಮುಟ್ಟಲೇ ಇಲ್ಲ ಅನ್ನುವ ಹಾಗೆ. ಎರಡು ಕೆಲಸ, ಒಂದೇ ಕಾಗದ. ಲ್ಯಾಮಿನೇಷನ್ ಕಣ್ಣಿಗೆ ಮಣ್ಣೆರಚಿದೆ ಅಂತ ಅವತ್ತು ಎಷ್ಟು ಖುಷಿಪಟ್ಟಿದ್ದೆ! ಮನೆಗೆ ಹೋಗಿ ಹೆಂಡತಿಗೂ ಹೇಳಿ ನಕ್ಕಿದ್ದೆ. ಬೆಳಗ್ಗೆ ಎಲ್ಲರನ್ನೂ ನಗಿಸುವ ಆತುರದಲ್ಲಿ ಇದು ನೆನಪಿಗೇ ಬಂದಿರಲಿಲ್ಲ.

ಅಂದರೆ ಕೆಟ್ಟ ಯೂನಿಟ್ ಈಗ ಮೂರನೆಯದರಲ್ಲಿ, ಬೆಟ್ಟದಾಚೆ, ನನ್ನ ಮಗಳ ಗಂಡನ ಬೆನ್ನ ಹಿಂದೆ ಇತ್ತು.

ಏಣಿಯ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಎರಡು ನಿಮಿಷ ಇರಬಹುದು. ಆ ಎರಡು ನಿಮಿಷದಲ್ಲಿ ನಾನು ಯೋಚಿಸಿದ್ದು ಅಳಿಯನ ಬಗ್ಗೆ ಅಲ್ಲ. ಎರಡು ತಿಂಗಳು ಹಾರಿದ್ದು ಇನ್ನೊಂದು ದಿನ ಹಾರುವುದಿಲ್ಲವೇ, ಸಂಜೆ ಬಂದ ಮೇಲೆ ಯಾರಿಗೂ ತಿಳಿಯದ ಹಾಗೆ ಬದಲಾಯಿಸಿದರಾಯಿತು, ಲೈಸೆನ್ಸ್ ಉಳಿಯುತ್ತದೆ, ಲ್ಯಾಮಿನೇಷನ್ ಎದುರು ತಲೆ ತಗ್ಗಿಸುವುದು ತಪ್ಪುತ್ತದೆ ಎಂದು. ಹೀಗೆ ಯೋಚಿಸಿದವನು ನಾನೇ. ಇವತ್ತಿಗೂ ಆ ಎರಡು ನಿಮಿಷ ನೆನೆಸಿಕೊಂಡರೆ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತದೆ.

ಆಮೇಲೆ ಇನ್ನೊಂದು ನೆನಪಾಯಿತು. ಎಂಜಿನ್ ವೇಗ ತನ್ನಷ್ಟಕ್ಕೆ ಏರಿಳಿಯುತ್ತದೆ ಅಂತ ಆದೇಶದಲ್ಲಿತ್ತಲ್ಲ, ಆ ಮಾತನ್ನು ನಾನು ಮೊದಲೇ ಓದಿದ್ದೆ. ಮೂರನೇ ಯಂತ್ರದ ಲಾಗ್ ಪುಸ್ತಕದಲ್ಲಿ, ಅಳಿಯನ ದುಂಡು ಅಕ್ಷರದಲ್ಲಿ. 'ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸಿದಾಗ ಎಂಜಿನ್ ವೇಗ ಸ್ವಲ್ಪ ಏರಿ ಇಳಿಯುತ್ತದೆ.' ಎರಡು ಸಲ ಬರೆದಿದ್ದ. ಎರಡು ಸಲವೂ ಅದರ ಕೆಳಗೆ ನಾನು, 'ನೆಲದ ಮೇಲೆ ಓಡಿಸಿ ನೋಡಲಾಯಿತು. ದೋಷ ಕಂಡುಬಂದಿಲ್ಲ' ಎಂದು ಗೀಚಿ ಸಹಿ ಹಾಕಿದ್ದೆ.

ಏಣಿ ಇಳಿದು ಮ್ಯಾನೇಜರ್ ಕೋಣೆಗೆ ಓಡಿದೆ. ಹೇಳಬೇಕಾದ್ದನ್ನು ತಲೆ ಬುಡ ಇಲ್ಲದೆ ಹೇಳಿದೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ, ಕೂಗಾಡಿದ್ದರೆ ಒಳ್ಳೆಯದಿತ್ತು. ಅವರು ಒಂದೇ ಪ್ರಶ್ನೆ ಕೇಳಿದರು.

"ಖಚಿತವಾಗಿ ಮೂರರಲ್ಲೇ ಇದೆಯಾ?"

"ನಾನೇ ಹಾಕಿದ್ದು ಸರ್."

ಬೆಟ್ಟದಾಚೆ ರೇಡಿಯೋ ಕೇಳಿಸುವುದಿಲ್ಲ, ಹಾರುವಾಗ ಪೈಲಟ್ಟಿನ ಮೊಬೈಲು ಆಫ್ ಇರುತ್ತದೆ. ಉಳಿದ ದಾರಿ ಇಂಧನ ಶೆಡ್ಡಿನ ಫೋನ್ ಒಂದೇ. ಅವರು ಸಂಖ್ಯೆ ಒತ್ತಿದರು. ಹೆಲಿಕಾಪ್ಟರ್ ಬರುವ ಹೊತ್ತಿಗೆ ಮಾತ್ರ ಅಲ್ಲಿ ಆಳು ಇರುತ್ತಾನೆ, ಯಾರೂ ಎತ್ತಲಿಲ್ಲ. ಫೋನ್ ಭುಜಕ್ಕೆ ಒತ್ತಿಕೊಂಡೇ ಖಾನೆಯಿಂದ ಒಂದು ಬಿಳಿ ಹಾಳೆ, ಪೆನ್ನು ತೆಗೆದು ನನ್ನ ಮುಂದೆ ತಳ್ಳಿದರು.

"ಕೂತ್ಕೊಂಡು ಬರೀರಿ. ಯಾವತ್ತು ಬಿಚ್ಚಿದ್ರಿ, ಯಾವತ್ತು ಹಾಕಿದ್ರಿ, ಯಾವ ಕಾರ್ಡ್ ಎಲ್ಲಿ ಇಟ್ರಿ. ಎಲ್ಲಾ."

"ಈಗಲಾ ಸರ್?"

"ನನಗೆ ಫೋನ್ ಮಾಡೋ ಕೆಲಸ ಇದೆ. ನಿಮಗೆ ಬೇರೇನು ಕೆಲಸ ಇದೆ?"

ನಿಜಕ್ಕೂ ಇರಲಿಲ್ಲ. ನಾನು ಬರೆಯಲು ಕೂತೆ. ಹತ್ತು ಸಾಲು ಬರೆಯಲು ಒಂದು ಗಂಟೆ ಹಿಡಿಯಿತು. ಅವರು ಐದೈದು ನಿಮಿಷಕ್ಕೆ ಒಂದು ಸಲ ಫೋನ್ ಮಾಡುತ್ತಲೇ ಇದ್ದರು. ಬೇಸರವಿಲ್ಲ, ಬೈಗುಳವಿಲ್ಲ. ಪ್ರತಿ ಸಲವೂ ಎಷ್ಟು ಹೊತ್ತಿಗೆ ಮಾಡಿದೆ ಅಂತ ಪಕ್ಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಬೇರೆ ದಿನವಾಗಿದ್ದರೆ ಇದಕ್ಕೂ ಒಂದು ಒಗ್ಗರಣೆ ಹಾಕಿ ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದೆ. ಅವತ್ತು ಆ ಮದುಮಗಳ ಉಗುರಿನ ಬೆರಳುಗಳು ಗುಂಡಿ ಒತ್ತುವುದನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದೆ.

ಹನ್ನೊಂದು ಹೊಡೆಯಿತು. ಹನ್ನೊಂದೂ ಐದು. ಹನ್ನೊಂದೂ ಹತ್ತಕ್ಕೆ ಆ ಕಡೆಯಿಂದ ಯಾರೋ 'ಹಲೋ' ಅಂದರು. ಹಿಂದೆ ಹೆಲಿಕಾಪ್ಟರಿನ ಸದ್ದು. ಇಳಿಯುತ್ತಿದೆಯೋ ಏಳುತ್ತಿದೆಯೋ ಆ ಸದ್ದಿನಲ್ಲಿ ನನಗೆ ಗೊತ್ತಾಗಲಿಲ್ಲ. ಸದ್ದು ಕೇಳಿಯೇ ಎಲ್ಲ ಹೇಳುವ ಪಂಡಿತ ನಾನು.

"ನಿಲ್ಲಿಸಿ," ಅಂದರು ಲ್ಯಾಮಿನೇಷನ್. "ಟ್ಯಾಂಕ್ ತುಂಬಿಸ್ತಿದ್ದೀರಾ? ಬಿಡಿ, ತುಂಬಿಸ್ಬೇಡಿ. ಎಂಜಿನ್ ಆಫ್ ಮಾಡೋಕೆ ಹೇಳಿ. ಇದು ನನ್ನ ಆದೇಶ."

ಅಳಿಯ ಫೋನಿಗೆ ಬಂದಾಗ ಅವನಿಗೂ ನಡೆದದ್ದನ್ನೆಲ್ಲ ತಿಳಿಸಿ, ಫೋನ್ ಇಟ್ಟ ಮೇಲೆ ಅವರು ನೀರು ಕುಡಿದರು. ನನ್ನ ಹಾಳೆ ತೆಗೆದುಕೊಂಡು ಓದಿ, ಮಡಿಸಿ ಖಾನೆಯಲ್ಲಿಟ್ಟು ಬೀಗ ಹಾಕಿದರು. "ಇವತ್ತಿಂದ ನಿಮ್ಮ ಸಹಿ ನಡೆಯಲ್ಲ. ಎರಡರಲ್ಲಿರೋ ಹೊಸ ಯೂನಿಟ್ ನಿಮ್ಮ ಜೊತೆಯ ಮೇಡಂ ಬಿಚ್ಚಲಿ, ಅಲ್ಲಿ ಹೋಗಿ ಅವರೇ ಹಾಕಲಿ. ನೀವು ಜೊತೆಗೆ ಹೋಗಿ, ಏನು ಮಾಡಿದ್ರಿ ಅಂತ ತೋರಿಸಿ. ಸ್ಪ್ಯಾನರ್ ಮುಟ್ಟಬೇಡಿ."

ಜೀಪಿನಲ್ಲಿ ಮೂರು ಗಂಟೆಯ ದಾರಿ. ಇನ್ನೊಂದ್ಸಲ ಓಡಿಸಿದರು, ನಾನು ಪಕ್ಕದಲ್ಲಿ ಯೂನಿಟ್ಟನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕಾಗದದ ಪ್ರಕಾರ ಎರಡು ತಿಂಗಳಿಂದ ಮೂರನೇ ಯಂತ್ರದಲ್ಲೇ ಇದ್ದ ಯೂನಿಟ್ಟು, ಈಗ ಅಲ್ಲಿಗೆ ಹೋಗುತ್ತಿತ್ತು. 'ನಾನು ಬೆಳಗ್ಗೆ ಹೇಳಿರಲಿಲ್ವಾ' ಅಂತ ಆಕೆ ಒಂದು ಮಾತು ಅಂದಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಅವರು ರಸ್ತೆ ನೋಡಿಕೊಂಡು ಓಡಿಸಿದರು, ಅಷ್ಟೇ.

ಇಂಧನ ಶೆಡ್ಡಿನ ಪಕ್ಕದ ಬಯಲಿನಲ್ಲಿ ಯಂತ್ರ ನಿಂತಿತ್ತು. ಅಳಿಯ ಅದರ ನೆರಳಿನಲ್ಲಿ ಕೂತಿದ್ದ. ಕನ್ನಡಕ ತೆಗೆದು ಜೇಬಿಗೆ ಸಿಕ್ಕಿಸಿದ್ದ. ಕಣ್ಣು ಅಷ್ಟು ಸಣ್ಣವು ಅಂತ ನಾನು ಗಮನಿಸಿಯೇ ಇರಲಿಲ್ಲ.

ನಮ್ಮ ಇನ್ನೊಂದ್ಸಲ ಯಂತ್ರದ ಮುಚ್ಚಳ ತೆಗೆದರು. ನಾನು ಟಾರ್ಚ್ ಹಿಡಿದೆ. ಯೂನಿಟ್ ಹೊರಬಂದ ಮೇಲೆ ಅದರ ಸಣ್ಣ ಲಿವರನ್ನು ಬೆರಳಿನಿಂದ ತಿರುಗಿಸಿ ನನ್ನ ಕೈಗೆ ಕೊಟ್ಟರು. ನಾನೂ ತಿರುಗಿಸಿದೆ. ಮಧ್ಯದಲ್ಲಿ ಹಿಡಿದುಕೊಳ್ಳುತ್ತಿತ್ತು, ಜೋರು ಮಾಡಿದರೆ ಕಟಕ್ಕೆಂದು ಜಾರುತ್ತಿತ್ತು. ಹದಿನೈದು ದಿನ ಬಿಟ್ಟು ಬಂದ ವರದಿಯಲ್ಲಿ ಒಳಗಿನ ತಟ್ಟೆ ಮುಕ್ಕಾಲು ಭಾಗ ಸೀಳಿತ್ತು ಎಂದಿತ್ತು. ಅವತ್ತು ವರದಿ ಬೇಕಾಗಿರಲಿಲ್ಲ.

ಆಕೆ ಹೊಸದನ್ನು ಕೂರಿಸುವಾಗ ಅಳಿಯ ನನ್ನ ಹತ್ತಿರ ಬಂದ.

"ಮಾವ, ಒಂದು ಕೇಳ್ಲಾ? ಈ ಯೂನಿಟ್ ಹಾಕಿದ ದಿನ ನೀವು ಯಾಕೆ ನನ್ನ ಜೊತೆ ಹತ್ತಲಿಲ್ಲ? ಎಲ್ಲರ ಜೊತೆ ಹತ್ತುತ್ತೀರಿ."

ಸುಳ್ಳುಗಳು ಬೇಕಾದಷ್ಟಿದ್ದವು. ಬಿಸಿಲಿನಲ್ಲಿ ನಿಂತು ಸಾಕಾಗಿತ್ತು. "ನಿಮ್ಮ ಪಕ್ಕ ಕೂರೋಕೆ ನನಗೆ ಮನಸ್ಸಿರಲಿಲ್ಲ" ಅಂದೆ. "ನಿಮ್ಮನ್ನ ಕಂಡ್ರೆ ನನಗೆ ತಾತ್ಸಾರ."

ಅವನು ತಲೆಯಾಡಿಸಿದ. ಗೊತ್ತಿದ್ದ ವಿಷಯವನ್ನು ಮತ್ತೆ ಕೇಳಿದವನ ಹಾಗೆ.

"ಹತ್ತಿದ್ರೆ ನಿಮಗೇ ಗೊತ್ತಾಗ್ತಿತ್ತು ಮಾವ. ಏರಿಳಿಯೋದು ಅಷ್ಟು ಸ್ಪಷ್ಟವಾಗಿತ್ತು."

"ನೀವು ಬರೆದ ಮೇಲೂ ಹಾಗೇ ಆಗ್ತಿತ್ತಾ?"

"ದಿನಾ. ಹೋದ ವಾರದಿಂದ ಜಾಸ್ತಿ."

ನನಗೆ ರೇಗಿತು. ಆ ಹೊತ್ತಿನಲ್ಲೂ ನನಗೆ ರೇಗಿತು ನೋಡಿ. "ಮತ್ತೆ ಯಾಕೆ ಬರೀಲಿಲ್ಲ? ಎರಡು ಸಲ ಬರೆದವರು ಮೂರನೇ ಸಲ ಬರೀಬೇಕಿತ್ತು! ಅದು ನಿಮ್ಮ ಕೆಲಸ ಅಲ್ವಾ?"

ಅವನು ಬೀಗದ ಕೈ ಗೊಂಚಲು ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದ, ತಿರುಗಿಸಲಿಲ್ಲ.

"ಎರಡನೇ ಸಲ ಬರೆದ ಮಾರನೇ ದಿನ ನೀವು ಕ್ಯಾಂಟೀನಲ್ಲಿ ಹೇಳ್ತಿದ್ರಿ. ಏರಿಳಿಯೋದು ಎಂಜಿನ್ ಅಲ್ಲ, ನಮ್ಮ ಅಳಿಯಂದಿರ ಕೈ ನಡುಗೋದು ಅಂತ. ಎಲ್ಲರೂ ನಕ್ಕರು. ನಾನು ಬಾಗಿಲಲ್ಲೇ ಇದ್ದೆ ಮಾವ. ಆಮೇಲೆ ನನಗೂ ಅನುಮಾನ ಬಂತು, ನನ್ನ ಕೈಯೇ ಇರಬೇಕು ಅಂತ."

ಆ ದಿನ ಕ್ಯಾಂಟೀನಿನಲ್ಲಿ ಎಷ್ಟು ಜನ ನಕ್ಕಿದ್ದರು ಅಂತ ನನಗೆ ನೆನಪಿತ್ತು. ಆರು ಜನ. ಎಣಿಸಿದ್ದೆ ಕೂಡ.

ಕೆಲಸ ಮುಗಿಯಿತು. ಇನ್ನೊಂದ್ಸಲ ಎಲ್ಲ ಬೋಲ್ಟನ್ನೂ ಎರಡೆರಡು ಸಲ ಮುಟ್ಟಿ, ಕಾರ್ಡಿನ ಮೇಲೆ ನಂಬರ್ ನೋಡಿ, ಯೂನಿಟ್ಟಿನ ಮೇಲೆ ನಂಬರ್ ನೋಡಿ, ಬರೆದು ಸಹಿ ಹಾಕಿದರು. ಮುಂದೆ ಪರೀಕ್ಷಾ ಹಾರಾಟ. ನಾನು ಟಾರ್ಚ್ ಆರಿಸಿ, ಯೋಚಿಸದೆ ಪಕ್ಕದ ಸೀಟಿನ ಬಾಗಿಲಿಗೆ ಕೈ ಹಾಕಿದೆ.

"ಬೇಡ ಮಾವ," ಅಂದ ಅಳಿಯ. ಧ್ವನಿ ಏರಿಸಲಿಲ್ಲ. "ಕೈ ಹಾಕಿದವರು ಅವರು."

ನಾನು ಹಿಂದೆ ಸರಿದೆ. ಆಕೆ ನನ್ನ ಮುಖ ನೋಡದೆ ಹತ್ತಿ ಕೂತು, ಬೆಲ್ಟ್ ಹಾಕಿಕೊಂಡು, ಅದನ್ನು ಮತ್ತೊಮ್ಮೆ ಎಳೆದು ನೋಡಿದರು. ಯಂತ್ರ ಎದ್ದಿತು. ನಾನು ಕೆಟ್ಟ ಯೂನಿಟ್ಟನ್ನು ಕೈಯಲ್ಲಿ ಹಿಡಿದು ಬಯಲಿನಲ್ಲಿ ನಿಂತೆ. ಧೂಳು ಬಾಯಿಗೆ ಬಂತು. ಮೇಲೆ ಹೋಗಿ ಒಂದೇ ಕಡೆ ನಿಂತಿತು. ಎಂಜಿನ್ ಒಂದೇ ಸಮ ಓಡುತ್ತಿತ್ತು, ಒಂದಿಷ್ಟೂ ಏರಿಳಿತ ಇಲ್ಲ. ಅವನ ಕೈಯಲ್ಲಿ ನಡುಕವೂ ಇರಲಿಲ್ಲ.

ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಮಗಳು. ದೂರ ಹೋಗಿ ಒಂದು ಕಿವಿ ಮುಚ್ಚಿಕೊಂಡು ಎತ್ತಿದೆ.

"ಅಪ್ಪಾ, ಇವರು ಆಗಲೇ ಫೋನ್ ಮಾಡಿದ್ರು. ಎಂಜಿನ್ನಲ್ಲಿ ಏನೋ ದೋಷ ಇತ್ತಂತೆ, ನೀನೇ ಕಂಡುಹಿಡಿದು ನಿಲ್ಲಿಸಿದ್ಯಂತೆ? ಇಲ್ಲದಿದ್ರೆ ನೀರಿನ ಮೇಲೆ... ನಂಗೆ ಕೈಕಾಲೇ ಆಡ್ತಿಲ್ಲಪ್ಪ." ಅಳುತ್ತಿದ್ದಳು, ನಡುವೆ ನಗುತ್ತಲೂ ಇದ್ದಳು. "ನಿನಗೆ ಅವರನ್ನ ಕಂಡ್ರೆ ಆಗಲ್ಲ ಅಂತ ನಾನು ಎಷ್ಟು ಸಲ ಅತ್ತಿದ್ದೀನಿ ಗೊತ್ತಾ? ಇವತ್ತು ಗೊತ್ತಾಯ್ತು ಬಿಡು, ನಿನ್ನ ಸಿಟ್ಟೆಲ್ಲಾ ಬರೀ ಮೇಲೆ ಮೇಲೆ ಅಂತ."

ಅವನು ಹಾಗೆ ಹೇಳಿದ್ದ. ನಾನು ದಾರಿಯಲ್ಲಿದ್ದಾಗ, ಅದೇ ನೆರಳಿನಲ್ಲಿ ಕೂತು, ನನ್ನ ಬಗ್ಗೆ ಅಷ್ಟನ್ನು ಮಾತ್ರ ಹೇಳಿ ಉಳಿದದ್ದನ್ನು ನುಂಗಿಕೊಂಡಿದ್ದ. ನಾನು ಅವನ ಬಗ್ಗೆ ಏನನ್ನೂ ನುಂಗಿಕೊಂಡವನಲ್ಲ.

ಹೂಂ ಅಂದುಬಿಡುವುದು ಬಹಳ ಸುಲಭವಿತ್ತು. ಒಂದು ಹೂಂ ಸಾಕಿತ್ತು.

"ಅಪ್ಪಾ? ಕೇಳಿಸ್ತಿದೆಯಾ?"

"ಕೇಳಿಸ್ತಿದೆ" ಅಂದೆ. "ಮೊದಲು ಕಣ್ಣೊರೆಸ್ಕೊಂಡು ಎಲ್ಲಾದ್ರೂ ಕೂತ್ಕೋ ಮಗಳೇ. ಅವರು ನಿನಗೆ ಅರ್ಧ ಮಾತ್ರ ಹೇಳಿದ್ದಾರೆ. ಆ ಡಬ್ಬಿ ಅಲ್ಲಿಗೆ ಹಾಕಿದ್ದು ಯಾರು ಅಂತ ನಾನು ಹೇಳ್ತೀನಿ."